ಫ್ಲೈ ಓವರ್ ಕೇಳಲು ಸರಿಯಾದ ಕಾಲ ಯಾವುದು? ಹೆದ್ದಾರಿ ನಕ್ಷೆಯ ತಿದ್ದುಪಡಿಗೆ ಗುತ್ತಿಗೆ ಕರಾರು ಹೇಳುವುದೇನು?

ಕುಂದಾಪುರ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ನಿತ್ಯ ಓಡಾಡುವವರ ಬಾಯಲ್ಲಿ ಕೆಲವು ಪ್ರಶ್ನೆಗಳು ವರ್ಷಗಳಿಂದ ಉಳಿದುಕೊಂಡಿವೆ. ಪೇಟೆಯನ್ನು ಎರಡಾಗಿ ಸೀಳಿದ ಚತುಷ್ಪಥಕ್ಕೆ ಇಲ್ಲೊಂದು ಅಂಡರ್‌ಪಾಸ್ ಏಕಿಲ್ಲ? ಸರ್ವಿಸ್ ರಸ್ತೆ ಅರ್ಧದಲ್ಲೇ ಏಕೆ ನಿಂತಿದೆ? ಒಮ್ಮೆ ನಿರ್ಮಿಸಿದ ರಸ್ತೆಯನ್ನು ಮತ್ತೆ ಅಗೆದು ಕೆಳಸೇತುವೆ ಕಟ್ಟುವುದೇಕೆ? ಪ್ರತಿ ಅಪಘಾತದ ಬಳಿಕ ಈ ಪ್ರಶ್ನೆಗಳು ಪ್ರತಿಭಟನೆಯ ರೂಪ ತಾಳುತ್ತವೆ. ಅಧಿಕಾರಿಗಳು ಮನವಿ ಸ್ವೀಕರಿಸುತ್ತಾರೆ, ಪ್ರಸ್ತಾವನೆ ದೆಹಲಿಗೆ ಹೋಗುತ್ತದೆ, ಮತ್ತೆ ಕಾಯುವ ಸರದಿ ಊರಿನವರದ್ದು.

ಈ ವಿಳಂಬಕ್ಕೆ ಅಧಿಕಾರಿಗಳ ನಿರಾಸಕ್ತಿಯೊಂದೇ ಕಾರಣವೆಂದು ಭಾವಿಸುವವರು ಹೆಚ್ಚು. ಆದರೆ ಹೆದ್ದಾರಿಯ ಗುತ್ತಿಗೆ ಕರಾರನ್ನು ಬಿಡಿಸಿ ನೋಡಿದರೆ ಬೇರೊಂದು ಕಾರಣವೂ ಕಾಣುತ್ತದೆ. ಯಾವ ಊರಿಗೆ ಮೇಲ್ಸೇತುವೆ, ಯಾವ ಊರಿಗೆ ಬರಿಯ ಡಿವೈಡರ್ ಸಂದಿ ಎಂಬುದು ಕರಾರಿಗೆ ಸಹಿ ಬೀಳುವ ಮುನ್ನವೇ ತೀರ್ಮಾನವಾಗಿರುತ್ತದೆ. ಸಹಿಯ ನಂತರ ನಕ್ಷೆಯನ್ನು ಪರಿಷ್ಕರಿಸಲು ಅವಕಾಶವಿದೆ. ಆದರೆ ಆ ಬಾಗಿಲು ಕಿರಿದು. ಅದಕ್ಕೆ ದಿನಗಳ ಲೆಕ್ಕವೂ ಹಣದ ಮಿತಿಯೂ ಇವೆ.

ಒಂದೇ ರಸ್ತೆ, ಎರಡು ಒಪ್ಪಂದ

ಮೊದಲು ಹೆದ್ದಾರಿ 17 ಎಂದು ಕರೆಯಲ್ಪಡುತ್ತಿದ್ದ ಈ ರಸ್ತೆಯ ಎರಡು ಬೃಹತ್ ಗುತ್ತಿಗೆಗಳು ಸಂಧಿಸುವುದು ಕುಂದಾಪುರದಲ್ಲಿ. ದಕ್ಷಿಣಕ್ಕೆ ಕುಂದಾಪುರದಿಂದ ಸುರತ್ಕಲ್‌ವರೆಗೆ, ಜತೆಗೆ ಮಂಗಳೂರಿನಿಂದ ಕೇರಳ ಗಡಿಯ ತಲಪಾಡಿವರೆಗೆ, ಒಟ್ಟು ಸುಮಾರು 90 ಕಿ.ಮೀ. ಕಾಮಗಾರಿಗೆ 2010ರಲ್ಲಿ ಒಪ್ಪಂದವಾಯಿತು. ನವಯುಗ ಉಡುಪಿ ಟೋಲ್‌ವೇ ಸಂಸ್ಥೆ ಇದನ್ನು 25 ವರ್ಷಗಳ ಅವಧಿಗೆ ಪಡೆಯಿತು. ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟ ಎಲ್ಲವೂ ಈ ಭಾಗದಲ್ಲಿ ಬರುತ್ತವೆ. ಉತ್ತರಕ್ಕೆ ಕುಂದಾಪುರದಿಂದ ಗೋವಾ ಗಡಿಯವರೆಗಿನ ಸುಮಾರು 189 ಕಿ.ಮೀ. ಭಾಗಕ್ಕೆ 2013ರಲ್ಲಿ ಒಪ್ಪಂದವಾಗಿ, ಐಆರ್‌ಬಿ ವೆಸ್ಟ್‌ಕೋಸ್ಟ್ ಟೋಲ್‌ವೇ ಸಂಸ್ಥೆಗೆ 28 ವರ್ಷಗಳ ಹಕ್ಕು ದೊರೆಯಿತು. ಹೆಮ್ಮಾಡಿ, ತ್ರಾಸಿ, ಮರವಂತೆ, ಉಪ್ಪುಂದ, ಬೈಂದೂರು, ಶಿರೂರು ಈ ಭಾಗಕ್ಕೆ ಸೇರುತ್ತವೆ.

ಎರಡೂ ‘ವಿನ್ಯಾಸಗೊಳಿಸು, ನಿರ್ಮಿಸು, ಹಣ ಹೂಡು, ನಿರ್ವಹಿಸು, ಹಿಂದಿರುಗಿಸು’ ಎಂಬ ಮಾದರಿಯ ಗುತ್ತಿಗೆಗಳು. ಅಧಿಕಾರಿಗಳ ಭಾಷೆಯಲ್ಲಿ ಇದು ಡಿಬಿಎಫ್‌ಒಟಿ. ಇಂಥ ಗುತ್ತಿಗೆಗಳಿಗೆ ಅಂದಿನ ಯೋಜನಾ ಆಯೋಗ ಒಂದು ಮಾದರಿ ಒಪ್ಪಂದವನ್ನು ರೂಪಿಸಿತ್ತು. ಮುಂದಿನ ವಿವರಣೆಯಲ್ಲಿರುವ ದಿನಗಳು, ಶೇಕಡಾವಾರು ಮಿತಿಗಳು ಆ ಮಾದರಿ ಒಪ್ಪಂದದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಒಪ್ಪಂದಗಳಾದಾಗ ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿ, ಬೈಂದೂರು ಕುಂದಾಪುರ ತಾಲೂಕಿನಲ್ಲಿ ಸೇರಿದ್ದವು. ಇವೆರಡೂ ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಹೋಬಳಿಯ ಪೇಟೆಯೆಂದು ಎಣಿಸಿ ಬರೆದ ನಕ್ಷೆಯ ಮೇಲೆ ಇಂದು ತಾಲೂಕು ಕೇಂದ್ರವೊಂದು ನಿಂತಿದೆ. ಊರು ಬೆಳೆದಂತೆ ಕರಾರಿನ ಪುಟಗಳು ತಾವಾಗಿ ಬೆಳೆಯುವುದಿಲ್ಲ.

ಡಿಪಿಆರ್ ಎಂಬ ಪ್ರಾಥಮಿಕ ನಕ್ಷೆ

ಹೆದ್ದಾರಿ ಯೋಜನೆಯ ಮೊದಲ ಗುತ್ತಿಗೆ ರಸ್ತೆ ಕಟ್ಟುವವರದ್ದಲ್ಲ, ರಸ್ತೆಯನ್ನು ಕಾಗದದ ಮೇಲೆ ರೂಪಿಸುವ ಸಲಹೆಗಾರ ಸಂಸ್ಥೆಯದ್ದು. ಈ ಸಂಸ್ಥೆ ಪ್ರಾರಂಭಿಕ ವರದಿ, ಕಾರ್ಯಸಾಧ್ಯತಾ ವರದಿ, ಕರಡು ಯೋಜನಾ ವರದಿ, ಅಂತಿಮ ಯೋಜನಾ ವರದಿ ಎಂಬ ಹಂತಗಳಲ್ಲಿ ಕೆಲಸ ಒಪ್ಪಿಸಬೇಕು. ಕೊನೆಯದೇ ಎಲ್ಲರೂ ಕೇಳಿರುವ ‘ಡಿಪಿಆರ್’. ಪ್ರತಿ ಹಂತದಲ್ಲೂ ಹಿಂದಿನ ನಕ್ಷೆಯನ್ನು ಹೊಸ ಸಮೀಕ್ಷೆಯ ಆಧಾರದಲ್ಲಿ ತಿದ್ದಬೇಕೆಂಬುದು ಸಲಹೆಗಾರರ ಕರಾರಿನ ಷರತ್ತು.

ಸಮೀಕ್ಷೆಗಳ ಪಟ್ಟಿ ದೊಡ್ಡದು. ಸತತ 7 ದಿನ, ಹಗಲಿರುಳು ವಾಹನಗಳ ಎಣಿಕೆ, ಜಂಕ್ಷನ್‌ಗಳಲ್ಲಿ ಯಾವ ವಾಹನ ಯಾವ ಕಡೆಗೆ ತಿರುಗುತ್ತದೆ ಎಂಬ ದಾಖಲೆ, ರಸ್ತೆ ದಾಟುವ ಪಾದಚಾರಿಗಳ ಲೆಕ್ಕ, ನೆಲದ ಏರುತಗ್ಗುಗಳ ಅಳತೆ, ಮಣ್ಣಿನ ಪರೀಕ್ಷೆ, ಮಳೆ ಮತ್ತು ಪ್ರವಾಹದ ಮಾಹಿತಿ, ವಿದ್ಯುತ್ ಕಂಬ, ನೀರಿನ ಕೊಳವೆ, ದೂರವಾಣಿ ಕೇಬಲ್‌ಗಳ ಗುರುತು, ಭೂಸ್ವಾಧೀನ ನಕ್ಷೆ. ಇವೆಲ್ಲವನ್ನೂ ಕೂಡಿಸಿ ರಸ್ತೆ ಎಲ್ಲಿ ಸಾಗಬೇಕು, ಎಷ್ಟು ಎತ್ತರದಲ್ಲಿ ಸಾಗಬೇಕು, ಎಲ್ಲಿ ಸೇತುವೆ ಬೇಕು ಎಂಬುದನ್ನು ಗೆರೆಗಿಳಿಸಲಾಗುತ್ತದೆ.

ಎಣಿಕೆ ಯಾವ ವಾರ ನಡೆಯಿತು ಎಂಬುದೂ ಮುಖ್ಯ. ಶಾಲೆಗೆ ರಜೆ ಇರುವಾಗ ಎಣಿಸಿದರೆ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲ. ಜೋರು ಮಳೆಯಲ್ಲಿ ಎಣಿಸಿದರೆ ಕೊಲ್ಲೂರಿಗೆ ಹೋಗುವ ಯಾತ್ರಿಕರ ವಾಹನಗಳ ನಿಜವಾದ ಸಂಖ್ಯೆ ಹೆಮ್ಮಾಡಿ ಜಂಕ್ಷನ್‌ನಲ್ಲಿ ಕಾಣಿಸುವುದಿಲ್ಲ. ನಕ್ಷೆಯ ಗೆರೆ ಎಷ್ಟೇ ನೇರವಾಗಿದ್ದರೂ ಅದರ ಕೆಳಗಿರುವ ಅಂಕಿ ತಪ್ಪಿದ್ದರೆ ಅಂಡರ್‌ಪಾಸ್ ತಪ್ಪಿಹೋಗುತ್ತದೆ.

ಡಿಪಿಆರ್ ಎಂದರೆ ಅಂತಿಮ ವಿನ್ಯಾಸವೆಂಬ ನಂಬಿಕೆ ಜನರಲ್ಲಿದೆ. ಡಿಬಿಎಫ್‌ಒಟಿ ಗುತ್ತಿಗೆಯ ಮಟ್ಟಿಗೆ ಇದು ಸರಿಯಲ್ಲ. ಟೆಂಡರ್‌ನಲ್ಲಿ ಭಾಗವಹಿಸುವ ಕಂಪೆನಿಗಳಿಗೆ ಅದು ಮಾರ್ಗದರ್ಶಿ ಮಾತ್ರ. ಸ್ಥಳದ ಸ್ಥಿತಿ, ಮಣ್ಣು, ವಾಹನ ಸಂಖ್ಯೆ ಎಲ್ಲವನ್ನೂ ಕಂಪೆನಿಯೇ ಸ್ವತಂತ್ರವಾಗಿ ಪರಿಶೀಲಿಸಿಕೊಂಡಿದೆ, ಪ್ರಾಧಿಕಾರ ನೀಡಿದ ಮಾಹಿತಿಯ ನಿಖರತೆಗೆ ಪ್ರಾಧಿಕಾರ ಹೊಣೆಯಲ್ಲ ಎಂಬ ಷರತ್ತು ಮಾದರಿ ಒಪ್ಪಂದದ 8ನೇ ವಿಧಿಯಲ್ಲಿದೆ. ಪ್ರಾಥಮಿಕ ನಕ್ಷೆಯನ್ನು ಪರಿಷ್ಕರಿಸಿ ಕಾಮಗಾರಿಗೆ ಯೋಗ್ಯವಾದ ನಕ್ಷೆ ತಯಾರಿಸುವ ಹೊಣೆ ಕಂಪೆನಿಯದ್ದೇ.

ಊರಿನ ಹಣೆಬರಹ ‘ಅನುಬಂಧ ಬಿ’ಯಲ್ಲಿ

ಹಾಗಾದರೆ ಕಂಪೆನಿ ನಕ್ಷೆಯನ್ನು ತನ್ನಿಷ್ಟದಂತೆ ಬದಲಿಸಬಹುದೇ? ಇಲ್ಲ. ಒಪ್ಪಂದದ ಜತೆಗಿರುವ ಅನುಬಂಧಗಳು ಅದನ್ನು ಕಟ್ಟಿಹಾಕುತ್ತವೆ. ‘ಅನುಬಂಧ ಎ’ ಯೋಜನೆಯ ಜಾಗವನ್ನು ವಿವರಿಸುತ್ತದೆ. ‘ಅನುಬಂಧ ಬಿ’ ಏನೇನು ಕಟ್ಟಬೇಕು ಎಂಬುದನ್ನು ಹೇಳುತ್ತದೆ. ‘ಅನುಬಂಧ ಸಿ’ಯಲ್ಲಿ ಟೋಲ್ ಕೇಂದ್ರ, ಬಸ್ ತಂಗುದಾಣ, ಲಾರಿ ನಿಲುಗಡೆ, ಬೀದಿದೀಪ, ಪಾದಚಾರಿ ಸೌಲಭ್ಯಗಳು ಬರುತ್ತವೆ. ‘ಅನುಬಂಧ ಡಿ’ ಗುಣಮಟ್ಟದ ಮಾನದಂಡಗಳದ್ದು. ಯಾವ ಯಾವ ನಕ್ಷೆಗಳನ್ನು ಒಪ್ಪಿಸಬೇಕೆಂಬ ಪಟ್ಟಿ ‘ಅನುಬಂಧ ಎಚ್’ನಲ್ಲಿದೆ.

ಇವುಗಳಲ್ಲಿ ಸ್ಥಳೀಯರ ಬದುಕಿಗೆ ನೇರವಾಗಿ ತಟ್ಟುವುದು ‘ಅನುಬಂಧ ಬಿ’. ಸರ್ವಿಸ್ ರಸ್ತೆ ಯಾವ ಕಿಲೋಮೀಟರ್‌ನಿಂದ ಯಾವ ಕಿಲೋಮೀಟರ್‌ವರೆಗೆ, ವಾಹನಗಳ ಅಂಡರ್‌ಪಾಸ್ ಎಲ್ಲಿ, ಪಾದಚಾರಿಗಳದ್ದು ಎಲ್ಲಿ, ಫ್ಲೈ ಓವರ್ ಎಲ್ಲಿ, ಹೊಸ ಸೇತುವೆ ಎಲ್ಲಿ ಎಂಬುದು ಇದರಲ್ಲಿ ಕೋಷ್ಟಕ ರೂಪದಲ್ಲಿರುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಟಿಸಿದ ಚತುಷ್ಪಥ ಕೈಪಿಡಿ ‘ಐಆರ್‌ಸಿ:ಎಸ್‌ಪಿ:84’ ಅಂಡರ್‌ಪಾಸ್ ಹೇಗಿರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ವಾಹನಗಳ ಕೆಳಸೇತುವೆಗೆ 5.5 ಮೀಟರ್ ಎತ್ತರದ ತೆರವು ಬೇಕು. ಆದರೆ ಅದು ಎಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಕೈಪಿಡಿ ಓದುಗನನ್ನು ಮತ್ತೆ ‘ಅನುಬಂಧ ಬಿ’ಗೇ ಕಳುಹಿಸುತ್ತದೆ. ಆ ಕೋಷ್ಟಕದಲ್ಲಿ ಊರಿನ ಹೆಸರು ಇದ್ದರೆ ಕಟ್ಟುವುದು ಕಂಪೆನಿಯ ಕರ್ತವ್ಯ. ಇಲ್ಲದಿದ್ದರೆ ಕಟ್ಟದಿರುವುದು ಕರಾರಿನ ಉಲ್ಲಂಘನೆಯಾಗುವುದಿಲ್ಲ.

ಅಪಘಾತದ ಬಳಿಕ ಗುತ್ತಿಗೆ ಕಂಪೆನಿಯ ಕಚೇರಿಗೆ ಮುತ್ತಿಗೆ ಹಾಕುವವರು ಈ ವ್ಯತ್ಯಾಸವನ್ನು ಅರಿತಿರಬೇಕು. ಕೋಷ್ಟಕದಲ್ಲಿದ್ದೂ ಮಾಡದ ಕೆಲಸಕ್ಕೆ ಕಂಪೆನಿಯನ್ನು ಪ್ರಶ್ನಿಸಬಹುದು. ಕೋಷ್ಟಕದಲ್ಲಿಯೇ ಇಲ್ಲದ ಕೆಲಸಕ್ಕೆ ಪ್ರಶ್ನಿಸಬೇಕಾದದ್ದು ಕೋಷ್ಟಕ ಬರೆಸಿದ ಹೆದ್ದಾರಿ ಪ್ರಾಧಿಕಾರವನ್ನು.

ಹದಿನೈದು ದಿನಗಳ ಪರಿಶೀಲನೆ

ಒಪ್ಪಂದದ ನಂತರ ನಕ್ಷೆ ಪರಿಷ್ಕರಣೆಯ ಎರಡನೇ ಅಧ್ಯಾಯ ಆರಂಭವಾಗುತ್ತದೆ. ಕಂಪೆನಿ ತನ್ನ ವಿವರ ವಿನ್ಯಾಸ, ನಿರ್ಮಾಣ ವಿಧಾನ, ಗುಣಮಟ್ಟ ಖಾತರಿಯ ಕ್ರಮಗಳನ್ನು ಕಾಮಗಾರಿಗೆ ಮುನ್ನ ಒಪ್ಪಿಸಬೇಕು. ನಕ್ಷೆಗಳನ್ನು ಪರಿಶೀಲಿಸಲು ‘ಸ್ವತಂತ್ರ ಇಂಜಿನಿಯರ್’ ಎಂಬ ಸಂಸ್ಥೆ ಇರುತ್ತದೆ. ಇದನ್ನು ನೇಮಿಸುವುದು ಪ್ರಾಧಿಕಾರ; ಶುಲ್ಕದ ಅರ್ಧ ಭಾಗವನ್ನು ಕಂಪೆನಿ ಭರಿಸಬೇಕು.

ಮಾದರಿ ಒಪ್ಪಂದದ 12ನೇ ವಿಧಿಯಂತೆ, ಕಂಪೆನಿ ಪ್ರತಿ ನಕ್ಷೆಯ 3 ಪ್ರತಿಗಳನ್ನು ಸ್ವತಂತ್ರ ಇಂಜಿನಿಯರ್‌ಗೆ ಸಲ್ಲಿಸಬೇಕು. ನಕ್ಷೆ ಕೈಸೇರಿದ 15 ದಿನಗಳಲ್ಲಿ ಇಂಜಿನಿಯರ್ ಅಭಿಪ್ರಾಯ ತಿಳಿಸಬೇಕು. ನಕ್ಷೆ ಮಾನದಂಡಕ್ಕೆ ಹೊಂದದಿದ್ದರೆ ಕಂಪೆನಿ ಅದನ್ನು ತಿದ್ದಿ ಮರಳಿ ಸಲ್ಲಿಸಬೇಕು. ತಿದ್ದಿದ ನಕ್ಷೆಯ ಪರಿಶೀಲನೆಗೆ 7 ದಿನಗಳ ಅವಕಾಶ. ಮೊದಲ 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಕಂಪೆನಿ ಕಾಯಬೇಕಿಲ್ಲ; ತನ್ನದೇ ಹೊಣೆಯಲ್ಲಿ ಕೆಲಸ ಆರಂಭಿಸಬಹುದು ಅಥವಾ ಮುಂದುವರಿಸಬಹುದು.

ರಸ್ತೆಯ ಪಥ, ರಸ್ತೆಯ ಅಂತಿಮ ಮಟ್ಟ, ಟೋಲ್ ಕೇಂದ್ರದ ಜಾಗ, ದೊಡ್ಡ ಸೇತುವೆ ಮತ್ತು ಫ್ಲೈ ಓವರ್‌ಗಳ ಸಾಮಾನ್ಯ ವಿನ್ಯಾಸ ನಕ್ಷೆಗಳನ್ನು ಪ್ರಾಧಿಕಾರಕ್ಕೂ ಕಳುಹಿಸಬೇಕು. ಇವುಗಳ ಬಗ್ಗೆ 30 ದಿನಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಪ್ರಾಧಿಕಾರಕ್ಕಿದೆ. ಗಮನಿಸಿ, ಇದು ಹಕ್ಕು ಮಾತ್ರ, ಕಡ್ಡಾಯವಲ್ಲ. ಇಂಜಿನಿಯರ್ ನಕ್ಷೆಯನ್ನು ನೋಡಿದರೆಂಬ ಕಾರಣಕ್ಕೆ ಕಂಪೆನಿ ತನ್ನ ಹೊಣೆಯಿಂದ ಮುಕ್ತವಾಗುವುದೂ ಇಲ್ಲ.

ಈ ವ್ಯವಸ್ಥೆಯಲ್ಲಿ ಕೇಳಲಾಗುವ ಪ್ರಶ್ನೆ ಒಂದೇ: ಈ ನಕ್ಷೆ ಅನುಬಂಧಗಳಿಗೆ ಮತ್ತು ಮಾನದಂಡಕ್ಕೆ ಹೊಂದುತ್ತದೆಯೇ? ಊರಿಗೆ ಇದು ಸಾಕೇ ಎಂಬ ಪ್ರಶ್ನೆಗೆ ಈ 15 ದಿನಗಳಲ್ಲಿ ಜಾಗವಿಲ್ಲ. ಬ್ರಹ್ಮಾವರ ಪೇಟೆಯಲ್ಲಿ ಬಾರ್ಕೂರು ಕಡೆಯಿಂದಲೂ ಹೆಬ್ರಿ ಕಡೆಯಿಂದಲೂ ಬರುವವರು ಎಷ್ಟು ಮಂದಿ ಹೆದ್ದಾರಿ ದಾಟುತ್ತಾರೆ ಎಂಬುದು ಅದಕ್ಕೂ ಮುನ್ನ, ಡಿಪಿಆರ್ ಹಂತದಲ್ಲಿಯೇ ದಾಖಲಾಗಬೇಕಿತ್ತು.

ವಿದೇಶಗಳಲ್ಲಿಯೂ ಈ ಸಮಸ್ಯೆ ಹೊಸದಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ವಿನ್ಯಾಸ ಶೇ. 30, ಶೇ. 60, ಶೇ. 90ರಷ್ಟು ಮುಗಿದಾಗ ಒಂದೊಂದು ಪರಿಶೀಲನೆ ನಡೆಸುವ ರೂಢಿಯಿದೆ. ಆರಂಭದ ಹಂತದಲ್ಲಿ ತಿದ್ದುಪಡಿ ಸುಲಭ, ಕೊನೆಯ ಹಂತದಲ್ಲಿ ದುಬಾರಿ ಎಂಬ ಅನುಭವವೇ ಈ ರೂಢಿಯ ಹಿಂದಿದೆ.

ಮುರಕಲ್ಲಿನ ಕೆಳಗಿನ ಮಣ್ಣು

ನಕ್ಷೆ ಪರಿಷ್ಕರಣೆ ಕೇವಲ ಫ್ಲೈ ಓವರ್‌ಗೆ ಸಂಬಂಧಿಸಿದ್ದಲ್ಲ. ಕರಾವಳಿಯ ನೆಲವೇ ಅದನ್ನು ಬೇಡುತ್ತದೆ. ಇಲ್ಲಿ ವರ್ಷಕ್ಕೆ ಸರಾಸರಿ 4,000 ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಗುಡ್ಡಗಳ ಮೇಲ್ಪದರ ಗಟ್ಟಿಯಾದ ಮುರಕಲ್ಲು; ಅದರ ಕೆಳಗೆ ಊರವರು ಶೇಡಿ ಮಣ್ಣು ಎನ್ನುವ ಮೆದು ಪದರ. ಒಣಗಿದ್ದಾಗ ಗಟ್ಟಿಯಾಗಿ ತೋರುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ.

ಬೈಂದೂರು ಸಮೀಪದ ಒತ್ತಿನೆಣೆ ಗುಡ್ಡ ಇದಕ್ಕೆ ಕಣ್ಣೆದುರಿನ ಉದಾಹರಣೆ. ಚತುಷ್ಪಥಕ್ಕಾಗಿ ಗುಡ್ಡವನ್ನು ಕಡಿದ ಬಳಿಕ ಮಳೆಗಾಲಗಳಲ್ಲಿ ಮಣ್ಣು ಜಾರಿತು. ಇಳಿಜಾರಿಗೆ ಕಾಂಕ್ರೀಟ್ ಹೊದಿಕೆ ಹಾಕುವ ಕೆಲಸ ಅನಂತರ ನಡೆಯಿತು. ಇಲ್ಲಿ ವಿನ್ಯಾಸದ ಲೆಕ್ಕ ಸರಳ. 20 ಮೀಟರ್ ಎತ್ತರದ ಗುಡ್ಡವನ್ನು ಒಂದಕ್ಕೊಂದರ ಇಳಿಜಾರಿನಲ್ಲಿ ಕಡಿಯಬೇಕಾದರೆ ರಸ್ತೆಯ ಪಕ್ಕದಲ್ಲಿ ಇನ್ನೂ 20 ಮೀಟರ್ ಜಾಗ ಬೇಕು. ಜಾಗ ಕಡಿಮೆಯಾದಷ್ಟೂ ಗುಡ್ಡ ಗೋಡೆಯಂತೆ ಕಡಿದಾಗುತ್ತದೆ. ಅಂದರೆ ಭೂಸ್ವಾಧೀನ ನಕ್ಷೆಗೆ ಗೆರೆ ಎಳೆಯುವ ಮುನ್ನವೇ ಮಣ್ಣಿನ ವರದಿ ಕೈಯಲ್ಲಿರಬೇಕು.

ಇಳಿಜಾರಿನ ವಿಷಯ ಎಷ್ಟು ಗಂಭೀರವೆಂಬುದನ್ನು ಇದೇ ಹೆದ್ದಾರಿಯಲ್ಲಿ ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ನಡೆದ ಭೂಕುಸಿತ ನಾಡಿಗೆ ನೆನಪಿಸಿತು. ಹೆದ್ದಾರಿ ಪಕ್ಕದಲ್ಲಿದ್ದವರು ಮಣ್ಣಿನಡಿ ಸಿಲುಕಿ, ನದಿಗೆ ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಬೈಂದೂರು ತಾಲೂಕಿನ ಶಿರೂರು ಬೇರೆ, ಈ ಶಿರೂರು ಬೇರೆ. ಆದರೆ ರಸ್ತೆಯೂ ಮಳೆಯೂ ಒಂದೇ.

ಮರವಂತೆಯ ಸ್ಥಿತಿ ಇನ್ನೊಂದು ಬಗೆಯದ್ದು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಇಲ್ಲಿ ರಸ್ತೆಯ ಎತ್ತರ, ಕಡಲ್ಕೊರೆತ ತಡೆ, ನೀರು ಹರಿಯುವ ಮೋರಿಗಳ ಅಳತೆ ಎಲ್ಲವೂ ಪ್ರವಾಹ ಮತ್ತು ಅಲೆಗಳ ದಾಖಲೆಯನ್ನು ಅವಲಂಬಿಸುತ್ತವೆ. ಕುಂದಾಪುರದ ಪಂಚಗಂಗಾವಳಿ, ಬ್ರಹ್ಮಾವರದ ಆಸುಪಾಸಿನ ಸೀತಾ ಮತ್ತು ಸ್ವರ್ಣಾ ನದಿಗಳ ಸೇತುವೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೋರಿ ಕಿರಿದಾದರೆ ಹೆದ್ದಾರಿಯ ಏರಿಯೇ ಅಣೆಕಟ್ಟಾಗಿ, ಪಕ್ಕದ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಗದ್ದೆಯ ನೀರು ಯಾವ ತೋಡಿನಲ್ಲಿ ಇಳಿಯುತ್ತದೆ ಎಂಬುದನ್ನು ಉಪಗ್ರಹ ಚಿತ್ರಕ್ಕಿಂತ ಆ ಗದ್ದೆಯ ಒಡೆಯ ಚೆನ್ನಾಗಿ ಬಲ್ಲ. ಸಮೀಕ್ಷೆಯ ತಂಡ ಅವನನ್ನು ಕೇಳಿತೇ ಎಂಬುದೇ ಪ್ರಶ್ನೆ.

ಸುರಕ್ಷತಾ ತಪಾಸಣೆ

ವಿನ್ಯಾಸ ತಿದ್ದಲು ಕರಾರಿನಲ್ಲಿ ಇನ್ನೊಂದು ದಾರಿಯಿದೆ. ಅದು ರಸ್ತೆ ಸುರಕ್ಷತಾ ತಪಾಸಣೆ. ಬ್ರಿಟನ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಪದ್ಧತಿ ನಮ್ಮ ಒಪ್ಪಂದಗಳಲ್ಲೂ ಸೇರಿದೆ. ಮಾದರಿ ಒಪ್ಪಂದದ 18ನೇ ವಿಧಿ ಮತ್ತು ‘ಅನುಬಂಧ ಎಲ್’ನಂತೆ, ಪ್ರಾಧಿಕಾರ ನೇಮಿಸುವ ಸುರಕ್ಷತಾ ಸಲಹೆಗಾರರು ವಿನ್ಯಾಸವನ್ನು ಅಪಘಾತದ ದೃಷ್ಟಿಯಿಂದ ಪರಿಶೀಲಿಸಿ ಶಿಫಾರಸು ನೀಡಬೇಕು.

ಆದರೆ ಇಲ್ಲಿಯೂ ಗೆರೆ ಅದೇ. ಶಿಫಾರಸು ಅನುಬಂಧಗಳ ವ್ಯಾಪ್ತಿಯೊಳಗಿದ್ದರೆ ಕಂಪೆನಿ ಜಾರಿಗೊಳಿಸಬೇಕು. ಎಚ್ಚರಿಕೆ ಫಲಕ, ರಸ್ತೆ ಬಣ್ಣ, ತಡೆಬೇಲಿ, ತಿರುವಿನ ಬಾಗು ಸರಿಪಡಿಸುವುದು ಈ ವರ್ಗದವು. ಹೊಸ ಅಂಡರ್‌ಪಾಸ್ ಬೇಕೆಂದರೆ ಅದು ವ್ಯಾಪ್ತಿಯ ಹೊರಗಿನ ಮಾತಾಗುತ್ತದೆ.

ಬದಲಾವಣೆಯ ಬೆಲೆ

ವ್ಯಾಪ್ತಿಯ ಹೊರಗಿನ ಕೆಲಸಕ್ಕೆ ಕರಾರಿನ ಭಾಷೆಯಲ್ಲಿ ‘ಚೇಂಜ್ ಆಫ್ ಸ್ಕೋಪ್’ ಎಂದು ಹೆಸರು. 16ನೇ ವಿಧಿ ಇದನ್ನು ನಿಯಂತ್ರಿಸುತ್ತದೆ. ನಿರ್ಮಾಣ ಅವಧಿಯಲ್ಲಿ ಹೊರಡಿಸಿದ ಇಂಥ ಆದೇಶಗಳ ವೆಚ್ಚದಲ್ಲಿ ಒಟ್ಟು ಯೋಜನಾ ವೆಚ್ಚದ ಶೇ. 0.25ರವರೆಗೆ ಕಂಪೆನಿ ಭರಿಸಬೇಕು. ಅದಕ್ಕಿಂತ ಹೆಚ್ಚಿನದನ್ನು ಪ್ರಾಧಿಕಾರ, ಅಂದರೆ ಸಾರ್ವಜನಿಕ ಬೊಕ್ಕಸ, ಕೊಡಬೇಕು. ಸತತ 3 ವರ್ಷಗಳಲ್ಲಿ ಶೇ. 5, ಪೂರ್ಣ ಅವಧಿಯಲ್ಲಿ ಶೇ. 20ರ ಮಿತಿಯನ್ನು ಈ ಬದಲಾವಣೆಗಳು ಮೀರುವಂತಿಲ್ಲ.

ಕುಂದಾಪುರ–ಸುರತ್ಕಲ್ ಯೋಜನೆಯ 671 ಕೋಟಿ ರೂ. ಅಂದಾಜಿನ ಮೇಲೆ ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಶೇ. 0.25 ಎಂದರೆ ಸುಮಾರು 1.68 ಕೋಟಿ ರೂ. ಇದು ಒಂದೆರಡು ಜಂಕ್ಷನ್‌ಗಳ ಸುಧಾರಣೆಗೆ ಸಾಕಾದೀತು, ಫ್ಲೈ ಓವರ್‌ಗೆ ಸಾಲದು. ಶೇ. 5 ಎಂದರೆ ಸುಮಾರು 33.5 ಕೋಟಿ ರೂ.; 90 ಕಿ.ಮೀ. ಉದ್ದಕ್ಕೂ ಇರುವ ಎಲ್ಲ ಊರುಗಳ ಬೇಡಿಕೆಗಳೂ ಇದರೊಳಗೇ ಸ್ಪರ್ಧಿಸಬೇಕು. ಒಂದು ಊರಿಗೆ ದೊರೆತರೆ ಮತ್ತೊಂದು ಊರು ಕಾಯಬೇಕಾದ ಸ್ಥಿತಿ ಹುಟ್ಟುವುದು ಹೀಗೆ.

ಮಂಗಳೂರಿನ ಯೋಜನಾ ಕಚೇರಿಯಿಂದ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ, ಅಲ್ಲಿಂದ ದೆಹಲಿಗೆ ಕಡತ ಸಾಗಿ ಮರಳಲು ತಗಲುವ ಸಮಯ ಬೇರೆ. ಬ್ರಹ್ಮಾವರದಿಂದ ಉಡುಪಿಗೆ ಹೋಗುವಾಗ ಸಿಗುವ ಸಂತೆಕಟ್ಟೆ ಜಂಕ್ಷನ್ ಇದಕ್ಕೆ ಸಾಕ್ಷಿ. ಚತುಷ್ಪಥ ಮುಗಿದು ವಾಹನಗಳು ಓಡತೊಡಗಿದ ವರ್ಷಗಳ ನಂತರ, 2023ರಲ್ಲಿ ಅಲ್ಲಿ ಅಂಡರ್‌ಪಾಸ್ ಕಾಮಗಾರಿಗಾಗಿ ಹೆದ್ದಾರಿಯನ್ನೇ ಅಗೆಯಲಾಯಿತು. ಕೆಲಸ ಎಳೆದಷ್ಟೂ ಕಿರಿದಾದ ಸರ್ವಿಸ್ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿದವು. ಅದೇ ಕೆಳಸೇತುವೆ ಮೊದಲ ಕೋಷ್ಟಕದಲ್ಲಿಯೇ ಇದ್ದಿದ್ದರೆ ರಸ್ತೆಯ ಜತೆಯಲ್ಲೇ ಎದ್ದು ನಿಲ್ಲುತ್ತಿತ್ತು.

ಕೋಷ್ಟಕದಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಸುಸೂತ್ರವೆಂದೂ ಹೇಳಲಾಗದು. ಕುಂದಾಪುರದ ಶಾಸ್ತ್ರಿ ವೃತ್ತದ ಫ್ಲೈ ಓವರ್ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತ್ತು. 2017ರಲ್ಲಿ ಸಾಸ್ತಾನ, ಹೆಜಮಾಡಿ, ತಲಪಾಡಿಗಳಲ್ಲಿ ಟೋಲ್ ಸಂಗ್ರಹ ಆರಂಭವಾದಾಗಲೂ ಅದು ಪೂರ್ಣಗೊಂಡಿರಲಿಲ್ಲ. ಕೆಲಸ ಬಾಕಿಯಿರುವಾಗ ಟೋಲ್ ಹೇಗೆ ಎಂದು ಅಂದು ಜನ ಕೇಳಿದ್ದರು. ಮಾದರಿ ಒಪ್ಪಂದ ಇದಕ್ಕೆ ಅವಕಾಶ ನೀಡುತ್ತದೆ. ಹೆದ್ದಾರಿಯ ಉದ್ದದ ಶೇ. 75ರಷ್ಟು ಪೂರ್ಣಗೊಂಡು ಸುರಕ್ಷಿತ ಸಂಚಾರಕ್ಕೆ ಯೋಗ್ಯವೆಂದು ಕಂಡರೆ ಸ್ವತಂತ್ರ ಇಂಜಿನಿಯರ್ ತಾತ್ಕಾಲಿಕ ಪ್ರಮಾಣಪತ್ರ ನೀಡಬಹುದು. ಉಳಿದ ಕೆಲಸಗಳು ‘ಪಂಚ್ ಲಿಸ್ಟ್’ ಎಂಬ ಬಾಕಿ ಪಟ್ಟಿಗೆ ಸೇರುತ್ತವೆ. ಟೋಲ್ ಆರಂಭವಾದ ಮೇಲೆ ಆ ಪಟ್ಟಿಯ ಮೇಲೆ ಕಣ್ಣಿಡುವವರು ಬೇಕು.

ನಾಗರಿಕರಿಗೆ ಬಾಗಿಲು ಎಲ್ಲಿದೆ?

ಇಷ್ಟೆಲ್ಲ ಕರಾರುಗಳ ನಡುವೆ ಜನಸಾಮಾನ್ಯನ ಮಾತಿಗೆ ಕಾನೂನಿನಲ್ಲಿ ಇರುವ ಸ್ಥಾನ ಚಿಕ್ಕದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರ 3ಎ ಸೆಕ್ಷನ್‌ನಂತೆ ಭೂಸ್ವಾಧೀನದ ಅಧಿಸೂಚನೆ ಹೊರಡುತ್ತದೆ; ಅದರ ಸಾರಾಂಶ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು. 3ಸಿ ಸೆಕ್ಷನ್‌ನಂತೆ 21 ದಿನಗಳಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಈ ಹಕ್ಕು ಆ ಭೂಮಿಯಲ್ಲಿ ಹಿತಾಸಕ್ತಿ ಉಳ್ಳವರಿಗೆ. ಜಾಗ ಕಳೆದುಕೊಳ್ಳುವವನಿಗೆ ಕೇಳಲು ಒಂದು ವೇದಿಕೆಯಿದೆ; ದಿನಕ್ಕೆ ಎರಡು ಬಾರಿ ಆ ರಸ್ತೆ ದಾಟುವ ಶಾಲಾ ಬಾಲಕಿಗೆ ಅಂಥ ವೇದಿಕೆಯಿಲ್ಲ.

ಪರಿಸರ ಅನುಮತಿ ಬೇಕಾಗುವ ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಸಾರ್ವಜನಿಕ ಅಹವಾಲು ಸಭೆ ಇನ್ನೊಂದು ಅವಕಾಶ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಮತ್ತೊಂದು. ಒಪ್ಪಂದದ ಅನುಬಂಧಗಳು, ಡಿಪಿಆರ್, ಸುರಕ್ಷತಾ ತಪಾಸಣಾ ವರದಿ, ಬಾಕಿ ಪಟ್ಟಿ ಇವುಗಳ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆ 2005ರಡಿ ಕೇಳಬಹುದು.

ಮನವಿಯ ಜತೆಗೆ ಅಂಕಿ ಇದ್ದರೆ ಅದರ ತೂಕ ಹೆಚ್ಚು. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ‘ಐಆರ್‌ಸಿ:103’ ಒಂದು ಸುಲಭ ಸೂತ್ರ ಕೊಡುತ್ತದೆ. ಅತಿ ಹೆಚ್ಚು ಜನಸಂದಣಿಯ ಒಂದು ಗಂಟೆಯಲ್ಲಿ ರಸ್ತೆ ದಾಟುವವರ ಸಂಖ್ಯೆಯನ್ನು ಅದೇ ಗಂಟೆಯ ವಾಹನ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಡಿವೈಡರ್ ಇರುವ ರಸ್ತೆಯಲ್ಲಿ ಉತ್ತರ 20 ಕೋಟಿ ಮೀರಿದರೆ ಅಲ್ಲಿ ನಿಯಂತ್ರಿತ ದಾಟುವ ವ್ಯವಸ್ಥೆ ಬೇಕೆಂದು ಪರಿಗಣಿಸಬಹುದು. ಗಂಟೆಗೆ 1,000 ವಾಹನ ಓಡುವಲ್ಲಿ 200 ಜನ ದಾಟಿದರೆ ಈ ಮಿತಿ ಮುಟ್ಟುತ್ತದೆ. ವಾಹನ 2,000ಕ್ಕೆ ಏರಿದರೆ 50 ಜನರೇ ಸಾಕು. ಇದರಿಂದ ನೇರವಾಗಿ ಅಂಡರ್‌ಪಾಸ್ ಮಂಜೂರಾಗುವುದಿಲ್ಲ ನಿಜ. ಆದರೆ ಗ್ರಾಮ ಪಂಚಾಯತ್ ಅಥವಾ ಶಾಲಾಭಿವೃದ್ಧಿ ಸಮಿತಿ ನಾಲ್ಕು ಮಂದಿಯನ್ನು ಕೂರಿಸಿ ಮಾಡಬಹುದಾದ ಈ ಎಣಿಕೆ, ಸಲಹೆಗಾರರ ವರದಿಯಲ್ಲಿ ಬಿಟ್ಟುಹೋದದ್ದನ್ನು ಎತ್ತಿ ತೋರಿಸಬಲ್ಲದು.

ಮತ್ತೊಂದು ಅವಕಾಶ

ಬ್ರಹ್ಮಾವರ ಪೇಟೆಗೆ ಫ್ಲೈ ಓವರ್ ಬೇಕೆಂಬ ಕೂಗು ಮತ್ತೆ ಮತ್ತೆ ಎದ್ದಿದೆ. ಹೆದ್ದಾರಿಯ ಅಪಘಾತ ತಾಣಗಳನ್ನು ಸರಿಪಡಿಸುವ ಬೇಡಿಕೆ ಬೈಂದೂರು, ಕುಂದಾಪುರ ಭಾಗಗಳಿಂದಲೂ ಬರುತ್ತಿದೆ. ಇಂಥ ಪ್ರತಿ ಹೊಸ ಕಾಮಗಾರಿಗೂ ಮತ್ತೊಂದು ಸಮೀಕ್ಷೆ, ಮತ್ತೊಂದು ಪ್ರಾಥಮಿಕ ನಕ್ಷೆ, ಮತ್ತೊಂದು ಕರಾರು ಆಗಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಬಳಕೆಗೆ ಬಂದಿರುವ ಇಪಿಸಿ, ಎಚ್‌ಎಎಂ ಮಾದರಿಯ ಗುತ್ತಿಗೆಗಳಲ್ಲೂ ‘ಅನುಬಂಧ ಬಿ’ ಉಳಿದುಕೊಂಡಿದೆ.

ಆದ್ದರಿಂದ ಸಮೀಕ್ಷಕರು ಊರಿಗೆ ಬಂದು ಗೂಟ ನೆಡುವ ದಿನಗಳೇ ಮುಖ್ಯವಾದವು. ಫ್ಲೈ ಓವರ್‌ನ ಎರಡೂ ತುದಿಗಳು ಎಲ್ಲಿ ಇಳಿಯುತ್ತವೆ, ಸರ್ವಿಸ್ ರಸ್ತೆ ಎರಡೂ ಕಡೆ ಪೂರ್ಣವಾಗಿ ಇದೆಯೇ, ಬಸ್ ಎಲ್ಲಿ ನಿಲ್ಲುತ್ತದೆ, ಮಳೆನೀರು ಯಾವ ತೋಡಿಗೆ ಹೋಗುತ್ತದೆ, ಕಾಮಗಾರಿ ನಡೆಯುವಾಗ ವಾಹನಗಳಿಗೆ ಬದಲಿ ದಾರಿ ಯಾವುದು ಎಂಬ ಐದು ಪ್ರಶ್ನೆಗಳಿಗೆ ಕರಡು ಡಿಪಿಆರ್‌ನಲ್ಲಿಯೇ ಉತ್ತರ ಪಡೆಯಬೇಕು. ಪಂಚಾಯತ್‌ನ ನಿರ್ಣಯ, ಶಾಸಕ–ಸಂಸದರ ಪತ್ರ, ವ್ಯಾಪಾರಸ್ಥರ ಮನವಿ ಆ ಹಂತದಲ್ಲಿ ಸಲ್ಲಿಕೆಯಾದರೆ ಅದನ್ನು ಕೋಷ್ಟಕದ ಒಂದು ಸಾಲಾಗಿ ಸೇರಿಸಲು ಸಾಧ್ಯ. ಸಹಿಯ ನಂತರ ಅದೇ ಸಾಲಿಗೆ ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಕಾಲ ತೆರಬೇಕು. ಆ ಕಾಯುವ ಅವಧಿಯಲ್ಲಿ ರಸ್ತೆ ದಾಟುವವರ ಪ್ರಾಣಕ್ಕೆ ಮಾತ್ರ ಯಾವ ಅನುಬಂಧದಲ್ಲೂ ಪರಿಹಾರ ಬರೆದಿಲ್ಲ.